ಅಳಿಸಿದ್ದೀನಿ ಅಕ್ಕ

ನಮ್ಮ ಕನ್ನಡ ಸಂಘದ ಫೋಟೋಗಳೆಲ್ಲ ಎಲ್ಲಿವೆ ಅಂತ ಯಾರಾದರೂ ಕೇಳಿದ್ದರೆ, ಎರಡು ವರ್ಷದ ಹಿಂದೆ ಸಿಗುತ್ತಿದ್ದ ಉತ್ತರ ಇಷ್ಟೇ: ಸ್ವಲ್ಪ ಪಾಸಾಗಿ ಹೋದ ಸೀನಿಯರ್ ಒಬ್ಬರ ಪೆನ್‌ಡ್ರೈವಲ್ಲಿ, ಸ್ವಲ್ಪ ಲ್ಯಾಬಿನ ಕಂಪ್ಯೂಟರೊಂದರ 'ನ್ಯೂ ಫೋಲ್ಡರ್ 3'ರಲ್ಲಿ, ಮಿಕ್ಕಿದ್ದೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ. ರಾಜ್ಯೋತ್ಸವಕ್ಕೆ ಬ್ಯಾನರ್ ಮಾಡಿಸಬೇಕು, ಹಳೇ ಫೋಟೋ ಬೇಕು ಅಂದರೆ ಗ್ರೂಪಿನಲ್ಲಿ 'ಯಾರ ಹತ್ರ ಇದೆ?' ಅಂತ ಮೆಸೇಜು ಬೀಳುತ್ತಿತ್ತು. ಒಂದು ಗಂಟೆ ಆದಮೇಲೆ ಯಾರೋ ಒಬ್ಬರು ಕೈ ಮುಗಿಯುವ ಸ್ಟಿಕ್ಕರ್ ಹಾಕುತ್ತಿದ್ದರು. ಅಲ್ಲಿಗೆ ಹುಡುಕಾಟ ಮುಗಿಯಿತು.

ನಾನು ಆಗ ಐದನೇ ಸೆಮ್. ಸಂಘದ ಮೀಟಿಂಗಿನಲ್ಲಿ ಸೀನಿಯರ್ ಅಕ್ಕ ಒಬ್ಬರು ನನ್ನ ಕಡೆ ನೋಡಿ, "ನೀನು ಸಿಎಸ್ ಅಲ್ವೇನೋ? ಒಂದು ಫೋಟೋ ಗ್ಯಾಲರಿ ಸೈಟ್ ಮಾಡ್ಬಿಡು" ಅಂದರು. ಸಿಎಸ್ ಓದೋರಿಗೆ ಈ ಮಾತು ಗೊತ್ತಿರುತ್ತೆ. ಪ್ರಿಂಟರ್ ಕೆಟ್ಟರೂ ನಾವೇ, ವೈಫೈ ಹೋದರೂ ನಾವೇ. ಆದರೆ ನನಗೂ ಡಿಬಿಎಂಎಸ್ ಮಿನಿ ಪ್ರಾಜೆಕ್ಟಿಗೆ ಒಂದು ವಿಷಯ ಬೇಕಿತ್ತು. ಲ್ಯಾಬಿನಲ್ಲಿ ಲೈಬ್ರರಿ, ಆರ್ಡರ್, ಮೂವಿ, ಕಾಲೇಜ್, ಕಂಪನಿ ಅಂತ ಐದು ಡೇಟಾಬೇಸ್ ಬರೆದು ರೆಕಾರ್ಡ್ ತುಂಬಿಸಿ ಸಾಕಾಗಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ 'ಆಯ್ತಕ್ಕ' ಅಂದೆ.

ಮೊದಲನೇ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಕೂತು ಒಂದೇ ಒಂದು ಟೇಬಲ್ ಮಾಡಿದೆ. ಹೆಸರು 'ಫೋಟೋ'. ಅದರಲ್ಲಿ ಐಡಿ, ಚಿತ್ರ, ಕಾರ್ಯಕ್ರಮದ ಹೆಸರು, ದಿನಾಂಕ, ತೆಗೆದವರು, ಟ್ಯಾಗ್‌ಗಳು, ಕೊನೆಗೆ ವ್ಯಕ್ತಿ1ರಿಂದ ವ್ಯಕ್ತಿ5ರ ತನಕ ಐದು ಕಾಲಂ. ಒಂದು ಫೋಟೋದಲ್ಲಿ ಐದಕ್ಕಿಂತ ಹೆಚ್ಚು ಜನ ಇರೋದು ಕಡಿಮೆ ಅಂತ ನನ್ನ ಲೆಕ್ಕ. ಮಾರನೇ ದಿನ ತುಂಬಿಸೋಕೆ ಕೂತಾಗ ಸಿಕ್ಕಿದ ಮೊದಲ ಫೋಟೋನೇ ಡೊಳ್ಳು ಕುಣಿತದ್ದು. ಅದರಲ್ಲಿ ಹನ್ನೆರಡು ಜನ. ಎರಡನೇದು ಕಾರ್ಯಕ್ರಮ ಮುಗಿದ ಮೇಲಿನ ಗ್ರೂಪ್ ಫೋಟೋ. ಅದರಲ್ಲಿ ನಲವತ್ಮೂರು ತಲೆ, ಜೊತೆಗೆ ಹಿಂದೆ ಯಾರದೋ ಎರಡು ಬೆರಳು.

ಚಿತ್ರ ಇಡೋಕೆ ಅಂತ ಮಾಡಿದ ಕಾಲಂ ಅದಕ್ಕೂ ಮುಂಚೆಯೇ ಕೈ ಕೊಟ್ಟಿತು. ಅದಕ್ಕೆ ಬ್ಲಾಬ್ ಅನ್ನೋ ಟೈಪ್ ಕೊಟ್ಟಿದ್ದೆ. ಮೈಎಸ್‌ಕ್ಯುಎಲ್‌ನಲ್ಲಿ ಬರೀ ಬ್ಲಾಬ್ ಅಂದರೆ ಹಿಡಿಯೋದು 65,535 ಬೈಟ್, ಅಂದರೆ 64 ಕೆಬಿ. ನಮ್ಮ ಫೋನಿನ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತೆ. ಚೊಂಬಿನಲ್ಲಿ ಕೆರೆ ನೀರು ಹಿಡಿಯೋ ಕೆಲಸ. ಮೀಡಿಯಂಬ್ಲಾಬ್ ಮಾಡಿದರೆ 16 ಎಂಬಿ ತನಕ ಹಿಡಿಯುತ್ತೆ ಅಂತ ಗೊತ್ತಾಗಿ ಅದನ್ನ ಮಾಡಿದೆ. ಫೋಟೋ ಒಳಗೆ ಹೋಯ್ತು. ಆದರೆ ಐನೂರು ಫೋಟೋ ತುಂಬಿಸಿ ಬ್ಯಾಕಪ್ ತೆಗೆಯೋಕೆ ಹೋದರೆ ಲ್ಯಾಪ್‌ಟಾಪಿನ ಫ್ಯಾನು ಬೋರ್‌ವೆಲ್ ಮೋಟರಿನ ತರ ಕೂಗೋಕೆ ಶುರು. ಕೊನೆಗೆ ಎಲ್ಲರೂ ಮಾಡೋದನ್ನೇ ಮಾಡಿದೆ: ಚಿತ್ರಗಳನ್ನ ಸರ್ವರಿನ ಒಂದು ಫೋಲ್ಡರಿನಲ್ಲಿ ಇಟ್ಟು, ಅದು ಎಲ್ಲಿದೆ ಅನ್ನೋ ವಿಳಾಸ ಮಾತ್ರ ಟೇಬಲ್ಲಿನಲ್ಲಿ ಬರೆದೆ. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಟೇಬಲ್ಲಿನ ಸಾಲು ಬೇರೆ, ಫೋಲ್ಡರಿನಲ್ಲಿರೋ ಫೈಲು ಬೇರೆ. ಮುಂದೆ ಬರುತ್ತೆ.

ಟೇಬಲ್ ಡಿಸೈನ್ ತೋರಿಸೋಕೆ ಮೇಡಂ ಹತ್ತಿರ ಹೋದೆ. ಅವರು ಒಂದು ನಿಮಿಷ ನೋಡಿ, "ಇದು ಟೇಬಲ್ ಅಲ್ಲಪ್ಪ, ಸಂತೆಗೆ ತಗೊಂಡೋಗೋ ಚೀಲ. ಈ ಒಂದು ಸಾಲು ಯಾವುದರ ಬಗ್ಗೆ ಹೇಳ್ತಿದೆ, ಒಂದೇ ಮಾತಲ್ಲಿ ಹೇಳು" ಅಂದರು.

"ಫೋಟೋ ಬಗ್ಗೆ ಮೇಡಂ."

"ಹಾಗಾದ್ರೆ ಕಾರ್ಯಕ್ರಮ ನಡೆದ ಜಾಗ ಯಾಕಿದೆ ಇಲ್ಲಿ? ಅದು ಫೋಟೋ ಗುಣಾನಾ, ಕಾರ್ಯಕ್ರಮದ ಗುಣಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಕಣ್ಣು ಆಮೇಲೆ ಕಾರ್ಯಕ್ರಮದ ಹೆಸರಿನ ಕಾಲಂ ಮೇಲೆ ಬಿತ್ತು. ಒಂದೇ ಹಬ್ಬ ಅಲ್ಲಿ ನಾಲ್ಕು ವೇಷದಲ್ಲಿತ್ತು: 'ರಾಜ್ಯೋತ್ಸವ', 'ಕನ್ನಡ ರಾಜ್ಯೋತ್ಸವ', 'ರಾಜ್ಯೊತ್ಸವ', ಮತ್ತು ಇಂಗ್ಲಿಷ್ ಲಿಪಿಯಲ್ಲಿ ಒಂದು. ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ನಾಲ್ಕು ಬೇರೆ ಬೇರೆ ಹಬ್ಬ. "ಕಾರ್ಯಕ್ರಮಕ್ಕೆ ಅಂತ ಬೇರೆ ಟೇಬಲ್ ಮಾಡು. ಅದಕ್ಕೊಂದು ನಂಬರ್ ಕೊಡು. ಫೋಟೋದಲ್ಲಿ ಆ ನಂಬರ್ ಮಾತ್ರ ಇರ್ಲಿ" ಅಂದರು. ಹೆಸರನ್ನೇ ಪ್ರೈಮರಿ ಕೀ ಮಾಡಿದರೆ ಆಗಲ್ವಾ ಅಂತ ಕೇಳಿದೆ. ಅವರು ನಕ್ಕು, "ಕನ್ನಡ ಸಂಘದವನು ನೀನು. ನಮ್ಮ ರಾಜ್ಯದ ಹೆಸರನ್ನೇ ಪ್ರೈಮರಿ ಕೀ ಮಾಡಿ 1956ರಲ್ಲಿ ಡೇಟಾಬೇಸ್ ಕಟ್ಟಿದ್ರೆ, 1973ರ ನವೆಂಬರ್ 1ಕ್ಕೆ ಏನು ಮಾಡ್ತಿದ್ದಿ?" ಅಂದರು. ಆ ದಿನ ಮೈಸೂರು ರಾಜ್ಯ ಕರ್ನಾಟಕ ಆಯಿತು. ರಾಜ್ಯ ಅದೇ, ಹೆಸರು ಬೇರೆ. ಹೆಸರು ಬದಲಾಗುತ್ತೆ, ಗುರುತು ಬದಲಾಗಬಾರದು. ಸರೊಗೇಟ್ ಕೀ ಯಾಕೆ ಬೇಕು ಅಂತ ವೈವಾದಲ್ಲಿ ಕೇಳಿದರೆ ನಾನು ಈಗಲೂ ಇದೇ ಉದಾಹರಣೆ ಕೊಡ್ತೀನಿ.

ಆಮೇಲೆ ಬಂದಿದ್ದು ಆ ವ್ಯಕ್ತಿ1, ವ್ಯಕ್ತಿ2ರ ಪ್ರಶ್ನೆ. ಒಂದು ಫೋಟೋದಲ್ಲಿ ಹಲವು ಜನ, ಒಬ್ಬರೇ ಹಲವು ಫೋಟೋಗಳಲ್ಲಿ. ಇದನ್ನ ಮೆನಿ ಟು ಮೆನಿ ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೆ, ಆದರೆ ನನಗೆ ಅರ್ಥ ಆಗಿದ್ದು ಊರಿಗೆ ಹೋದಾಗ. ಚಿಕ್ಕಪ್ಪನ ಮಗನ ಮದುವೆ. ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯೋಕೆ ಅಂತ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರ್ತಾರೆ. ಆ ಸಲ ನನ್ನನ್ನೇ ಕೂರಿಸಿದರು, "ಇಂಜಿನಿಯರ್ ಓದ್ತಾ ಇದ್ದೀಯಲ್ಲ, ಲೆಕ್ಕ ಬರಿ" ಅಂತ. ಪ್ರತಿ ಸಾಲಿನಲ್ಲಿ ಊರು, ಹೆಸರು, ಎಷ್ಟು ಹಾಕಿದರು ಅನ್ನೋದು. ಬರೆಯುತ್ತಾ ಬರೆಯುತ್ತಾ ಹೊಳೆಯಿತು. ಈ ಐನೂರು ರೂಪಾಯಿ ಯಾರದು? ಕೊಟ್ಟವರ ಗುಣ ಅಲ್ಲ, ಯಾಕಂದ್ರೆ ಅವರು ಇನ್ನೊಂದು ಮದುವೆಗೆ ಇನ್ನೂರು ಹಾಕಿರಬಹುದು. ಮದುವೆಯ ಗುಣವೂ ಅಲ್ಲ, ಯಾಕಂದ್ರೆ ಪಕ್ಕದವರು ಸಾವಿರ ಹಾಕಿದ್ದಾರೆ. ಆ ಐನೂರು ಇರೋದು ಆ ವ್ಯಕ್ತಿ ಮತ್ತು ಈ ಮದುವೆ ಸೇರೋ ಸಾಲಿನಲ್ಲಿ. ಮುಯ್ಯಿ ಪುಸ್ತಕ ಅಂದರೆ ಜಂಕ್ಷನ್ ಟೇಬಲ್. ನಮ್ಮಜ್ಜಿ ಕಾಲದಿಂದ ಮನೆಯ ಟ್ರಂಕಿನಲ್ಲಿ ಇದೆ.

ವಾಪಸ್ ಬಂದು ಟೇಬಲ್‌ಗಳನ್ನ ಮತ್ತೆ ಕಟ್ಟಿದೆ. ಫೋಟೋ ಒಂದು, ಕಾರ್ಯಕ್ರಮ ಒಂದು, ವ್ಯಕ್ತಿ ಒಂದು, ಆಲ್ಬಮ್ ಒಂದು, ಟ್ಯಾಗ್ ಒಂದು. ಇವುಗಳ ನಡುವೆ ಮುಯ್ಯಿ ಪುಸ್ತಕಗಳು: ಫೋಟೋ_ವ್ಯಕ್ತಿ, ಫೋಟೋ_ಟ್ಯಾಗ್, ಆಲ್ಬಮ್_ಫೋಟೋ. ಒಂದೇ ಫೋಟೋ ಎರಡು ಆಲ್ಬಮ್ಮಿನಲ್ಲಿ ಬೇರೆ ಬೇರೆ ಕ್ರಮದಲ್ಲಿ ಬರಬಹುದು, ಹಾಗಾಗಿ ಎಷ್ಟನೇ ಫೋಟೋ ಅನ್ನೋ ಸಂಖ್ಯೆ ಆಲ್ಬಮ್_ಫೋಟೋದಲ್ಲೇ ಇರಬೇಕು. ಮುಂಚೆ ಟ್ಯಾಗ್‌ಗಳನ್ನ ಅಲ್ಪವಿರಾಮ ಹಾಕಿ ಒಂದೇ ಕಾಲಂನಲ್ಲಿ ತುರುಕಿದ್ದೆ. ನಾಟಕದ ಫೋಟೋ ಬೇಕು ಅಂತ 'ರಂಗ' ಅಂತ ಹುಡುಕಿದರೆ ರಂಗೋಲಿ ಸ್ಪರ್ಧೆಯ ಫೋಟೋ ಎಲ್ಲ ಮೇಲೆ ಬಂದು ಕೂರುತ್ತಿದ್ದವು. ಅದೂ ಸರಿ ಹೋಯಿತು.

ಕನ್ನಡದ್ದೇ ಆದ ಎರಡು ಪಾಠಗಳೂ ಆದವು. ಟೇಬಲ್ಲಿನ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಇತ್ತು, ಹಾಗಾಗಿ ಸಂಘದವರ ಹೆಸರೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಆಗಿ ಕೂತಿತ್ತು. ಯುಟಿಎಫ್8ಎಂಬಿ4 ಮಾಡಿದ ಮೇಲೆ ಕನ್ನಡ ಬಂತು. ಎರಡನೇದು ಹೆಸರಿನ ಉದ್ದ. 'ಲಕ್ಷ್ಮೀನಾರಾಯಣ' ನಮ್ಮ ಕಣ್ಣಿಗೆ ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಒತ್ತು, ದೀರ್ಘ, ಹಲಂತ ಎಲ್ಲ ಬೇರೆ ಬೇರೆ ಸೇರಿ 13. ಡಿಸ್ಕಿನಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ 39. ಹೆಸರಿಗೆ ಹತ್ತು ಅಕ್ಷರ ಸಾಕು ಅಂತ ವಾರ್‌ಚಾರ್ 10 ಕೊಟ್ಟಿದ್ದ ನನಗೆ ಲಕ್ಷ್ಮೀನಾರಾಯಣ ಒಳಗೆ ಬರೋಕೇ ಒಪ್ಪಲಿಲ್ಲ.

ದಿನಾಂಕದ್ದು ಇನ್ನೊಂದು ಕಥೆ. ಹಳೇ ಪ್ರಿಂಟ್‌ಗಳನ್ನ ಸ್ಕ್ಯಾನ್ ಮಾಡಿದ್ದೆವು. ವರ್ಷ ಗೊತ್ತು, ದಿನ ಗೊತ್ತಿಲ್ಲ. ನಾನು ದಿನಾಂಕದ ಕಾಲಂಗೆ ನಾಟ್ ನಲ್ ಅಂತ ಬರೆದಿದ್ದರಿಂದ ಏನಾದರೂ ತುಂಬಲೇಬೇಕಿತ್ತು. ಎಲ್ಲಕ್ಕೂ ಜನವರಿ 1 ಹಾಕಿದೆ. ಆಮೇಲೆ 'ಈ ದಿನ, ಅಂದು' ಅಂತ ಒಂದು ಪುಟ ಮಾಡಿ ಪರೀಕ್ಷೆ ಮಾಡಿದರೆ, ನಮ್ಮ ಕಾಲೇಜಿನಲ್ಲಿ ಪ್ರತಿವರ್ಷ ರಾಜ್ಯೋತ್ಸವ ಜನವರಿ ಒಂದನೇ ತಾರೀಕು ನಡೆದಿತ್ತು. ಗೊತ್ತಿಲ್ಲ ಅನ್ನೋಕೆ ಜಾಗ ಕೊಡದಿದ್ದರೆ ಟೇಬಲ್ಲು ನಮ್ಮ ಕೈಲಿ ಸುಳ್ಳು ಹೇಳಿಸುತ್ತೆ. ದಿನಾಂಕದ ಪಕ್ಕ ಇನ್ನೊಂದು ಕಾಲಂ ಹಾಕಿದೆ, ಇದು ದಿನದ ಮಟ್ಟಿಗೆ ಖಚಿತವೋ, ತಿಂಗಳ ಮಟ್ಟಿಗೋ, ವರ್ಷದ ಮಟ್ಟಿಗೋ ಅಂತ.

ಇಷ್ಟೆಲ್ಲ ಆದಮೇಲೆ ಹೋಮ್ ಪೇಜ್. ಅಲ್ಲಿ ಪ್ರತಿ ಆಲ್ಬಮ್ಮಿಗೆ ಒಂದು ಮುಖಪುಟದ ಚಿತ್ರ. ಅದು ಹಾಸ್ಟೆಲ್ ವೈಫೈಯಲ್ಲಿ ತೆರೆಯೋಕೆ ಅರ್ಧ ನಿಮಿಷ ತಗೊಳ್ತಿತ್ತು. ರೂಮ್‌ಮೇಟ್ ಹೇಳಿದ, "ಮಗಾ, ಪ್ರತಿ ಸಲ ಜಾಯಿನ್ ಮಾಡೋಕೆ ಯಾಕೆ ಹೋಗ್ತೀಯಾ? ಆ ಚಿತ್ರದ ವಿಳಾಸಾನ ಆಲ್ಬಮ್ ಟೇಬಲ್ಲಲ್ಲೇ ಕಾಪಿ ಹೊಡೆದು ಇಟ್ಬಿಡು." ಇಟ್ಟುಬಿಟ್ಟೆ. ಅದೇ ದಿನ ನಾಲ್ಕು ಎಂಬಿ ಚಿತ್ರದ ಬದಲು ಸಣ್ಣ ಥಂಬ್‌ನೇಲ್ ಕಳಿಸೋ ಹಾಗೂ ಮಾಡಿದೆ. ಪುಟ ಪಟ್ ಅಂತ ತೆರೆಯಿತು. ಡೆಮೊ ದಿನ ಎಕ್ಸ್‌ಟರ್ನಲ್ "ಈ ವಿಳಾಸ ಎರಡು ಕಡೆ ಯಾಕಿದೆ?" ಅಂತ ಕೇಳಿದರು. "ಪರ್ಫಾರ್ಮೆನ್ಸಿಗೋಸ್ಕರ ಡಿನಾರ್ಮಲೈಸೇಷನ್ ಸರ್" ಅಂದೆ, ಎದೆ ಉಬ್ಬಿಸಿಕೊಂಡು. ಅವರು ತಲೆ ಆಡಿಸಿ ಮಾರ್ಕ್ಸ್ ಕೊಟ್ಟರು. ಇಪ್ಪತ್ತು ಆಲ್ಬಮ್ಮಿನ ಜಾಯಿನ್ ಕಂಪ್ಯೂಟರಿಗೆ ಕಣ್ಣು ಮಿಟುಕಿಸೋ ಕೆಲಸ, ನಿಧಾನ ಆಗಿದ್ದು ದೊಡ್ಡ ಚಿತ್ರಗಳಿಂದ, ನಾನು ಇಲ್ಲದ ರೋಗಕ್ಕೆ ಔಷಧಿ ಕೊಟ್ಟಿದ್ದೆ ಅನ್ನೋದು ಆಗ ನನಗೂ ಗೊತ್ತಿಲ್ಲ, ಅವರೂ ಕೇಳಲಿಲ್ಲ.

ಗ್ಯಾಲರಿ ಶುರುವಾಯಿತು. ಎಲ್ಲರೂ ಹೊಗಳಿದರು. ಹೆಸರು ಹೊಡೆದರೆ ಆ ವ್ಯಕ್ತಿ ಇರೋ ಎಲ್ಲ ಫೋಟೋ ಬರೋದು ಎಲ್ಲರಿಗೂ ಇಷ್ಟ ಆಯಿತು. ಹಳೇ ವಿದ್ಯಾರ್ಥಿಗಳ ಗ್ರೂಪುಗಳಿಗೂ ಲಿಂಕ್ ಹೋಯಿತು.

ಫೆಬ್ರವರಿಯಲ್ಲಿ ಒಂದು ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು. ಹಿಂದಿನ ವರ್ಷ ಪಾಸಾಗಿ ಹೋದ ಅಕ್ಕ. ಸಂಘದ ನಾಟಕಗಳಲ್ಲಿ ಮುಖ್ಯ ಪಾತ್ರ ಮಾಡ್ತಿದ್ದವರು. "ಗ್ಯಾಲರಿಯಲ್ಲಿ ನಾಟಕದ ಮದುವೆ ಸೀನ್ ಫೋಟೋ ಇದೆಯಲ್ಲ, ಅದನ್ನ ತೆಗೀತೀಯಾ? ಕಾರಣ ಕೇಳ್ಬೇಡ."

ಯಾವ ಫೋಟೋ ಅಂತ ತಕ್ಷಣ ಗೊತ್ತಾಯಿತು. ಇಬ್ಬರೂ ಹಾರ ಹಾಕ್ಕೊಂಡು, ಬಾಸಿಂಗ ಕಟ್ಟಿಕೊಂಡು ನಿಂತಿರೋದು. ಒಳ್ಳೇ ಬೆಳಕಿನಲ್ಲಿ ಬಂದ ಫೋಟೋ ಅಂತ ನಾನೇ ಆರಿಸಿ ಆ ವರ್ಷದ ಆಲ್ಬಮ್ಮಿನ ಮುಖಪುಟಕ್ಕೆ ಇಟ್ಟಿದ್ದೆ.

ಟೇಬಲ್ಲಿನಿಂದ ಆ ಸಾಲನ್ನ ಡಿಲೀಟ್ ಮಾಡೋಕೆ ಹೋದರೆ 1451 ನಂಬರಿನ ಎರರ್ ಬಂತು. ಅಂದರೆ ಈ ಫೋಟೋವನ್ನ ನಂಬಿಕೊಂಡಿರೋ ಸಾಲುಗಳು ಫೋಟೋ_ವ್ಯಕ್ತಿ, ಆಲ್ಬಮ್_ಫೋಟೋಗಳಲ್ಲಿ ಇವೆ, ಫಾರಿನ್ ಕೀ ಬಿಡಲ್ಲ ಅಂತ. ಆಗ ಅದನ್ನ ಬಿಡಿಸೋ ತಾಳ್ಮೆ ಇರಲಿಲ್ಲ. ಫೋಟೋ ಟೇಬಲ್ಲಿಗೆ 'ತೆಗೆದಿದೆ' ಅಂತ ಒಂದು ಕಾಲಂ ಸೇರಿಸಿ, ಅದರಲ್ಲಿ 1 ಬರೆದು, ಆಲ್ಬಮ್ ಪುಟ ಮತ್ತು ಹುಡುಕೋ ಪುಟ ಎರಡರಲ್ಲೂ 'ತೆಗೆದಿರೋದನ್ನ ತೋರಿಸಬೇಡ' ಅಂತ ಕಂಡಿಷನ್ ಹಾಕಿದೆ. ಆಲ್ಬಮ್ ತೆರೆದು ನೋಡಿದೆ, ಇರಲಿಲ್ಲ. ಅಕ್ಕನ ಹೆಸರು ಹೊಡೆದು ನೋಡಿದೆ, ಇರಲಿಲ್ಲ. ಹತ್ತು ನಿಮಿಷದ ಕೆಲಸ. "ಅಳಿಸಿದ್ದೀನಿ ಅಕ್ಕ" ಅಂತ ಕಳಿಸಿ ಮಲಗಿದೆ.

ಐದು ದಿನ ಆದಮೇಲೆ ಮತ್ತೆ ಮೆಸೇಜ್. "ಇನ್ನೂ ಇದೆ ಕಣೋ."

ನಾನು ನೋಡಲೂ ಹೋಗದೆ ಟೈಪ್ ಮಾಡಿದೆ: "ನಿಮ್ಮ ಫೋನಲ್ಲಿ ಕ್ಯಾಶ್ ಆಗಿರುತ್ತೆ ಅಕ್ಕ. ರಿಫ್ರೆಶ್ ಮಾಡಿ."

ಈ ಸಾಲು ಬರೆದಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆ ಆಗುತ್ತೆ. ಅವರು ಫೋನೇ ಮಾಡಿದರು. ಬೈಯಲಿಲ್ಲ. ನಿಧಾನವಾಗಿ ಹೇಳಿದರು. ಮನೆಯಲ್ಲಿ ಗಂಡು ನೋಡ್ತಾ ಇದ್ದಾರೆ. ಗಂಡಿನ ಕಡೆಯ ಯಾರಿಗೋ ಗ್ಯಾಲರಿ ಲಿಂಕ್ ಸಿಕ್ಕಿ, ಆ ಫೋಟೋ ಅವರ ಫ್ಯಾಮಿಲಿ ಗ್ರೂಪಿನಲ್ಲಿ ಓಡಾಡಿದೆ. ನಾಟಕದ್ದು ಅಂತ ಅಕ್ಕ ಹೇಳಿದ್ದಾರೆ. ಆದರೆ ಹೋಮ್ ಪೇಜಿನಲ್ಲಿ ಆ ಚಿತ್ರದ ಕೆಳಗೆ ಬರೀ ವರ್ಷ ಇದೆ, ನಾಟಕ ಅನ್ನೋ ಪದವೇ ಇಲ್ಲ. "ಕಾಲೇಜಿನವರಿಗೆ ಹೇಳಿ ತೆಗೆಸಿದ್ದೀನಿ, ಈಗ ಇಲ್ಲ ಅಂತ ಅಪ್ಪಂಗೆ ಹೇಳಿದ್ದೆ. ನಿನ್ನೆ ಅವ್ರು ಮನೆಗೆ ಬಂದಿದ್ರು. ಅಪ್ಪ ನನ್ನ ಪರ ವಹಿಸಿಕೊಂಡು, ನೋಡಿ ಬೇಕಾದ್ರೆ, ಇಲ್ವೇ ಇಲ್ಲ ಅಂತ ಅವರ ಮುಂದೇನೇ ಫೋನ್ ತೆಗೆದ್ರು. ಮೊದಲನೇ ಚಿತ್ರಾನೇ ಅದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಬಂಧ ಬಿಡು, ಹೋದ್ರೆ ಹೋಗ್ಲಿ. ಆದ್ರೆ ಅಪ್ಪನ ಮುಂದೆ ನಾನು ಸುಳ್ಳಿ ಆದೆ" ಅಂದರು.

ಫೋನ್ ಇಟ್ಟ ಮೇಲೆ ಹೋಮ್ ಪೇಜ್ ತೆರೆದೆ. ಹಾರ, ಬಾಸಿಂಗ, ಒಳ್ಳೇ ಬೆಳಕು. ನಾನು 'ತೆಗೆದಿದೆ' ಅಂತ ಬರೆದಿದ್ದು ಫೋಟೋ ಟೇಬಲ್ಲಿನಲ್ಲಿ. ಹೋಮ್ ಪೇಜ್ ಆ ಟೇಬಲ್ಲನ್ನ ನೋಡ್ತಾನೇ ಇರಲಿಲ್ಲ. ಅದು ನೋಡ್ತಿದ್ದಿದ್ದು ಆಲ್ಬಮ್ ಟೇಬಲ್ಲಿನಲ್ಲಿ ನಾನು ಕಾಪಿ ಹೊಡೆದು ಇಟ್ಟ ವಿಳಾಸವನ್ನ. ಆ ವಿಳಾಸದಲ್ಲಿ ಫೈಲು ಹಾಗೇ ಕೂತಿತ್ತು, ಯಾಕಂದ್ರೆ ಫೈಲನ್ನ ನಾನು ಮುಟ್ಟೇ ಇರಲಿಲ್ಲ. ಎಕ್ಸ್‌ಟರ್ನಲ್ ಮಾರ್ಕ್ಸ್ ಕೊಟ್ಟಿದ್ದು ಇದಕ್ಕೇ.

ರಿಲೇಷನಲ್ ಡೇಟಾಬೇಸಿನ ಮೂಲ ಲೇಖನ ಬಂದಿದ್ದು 1970ರಲ್ಲಿ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಬರೆದದ್ದು, ಹನ್ನೊಂದು ಪುಟ. ಅದರ ಎರಡನೇ ಭಾಗ ಇರೋದೇ ಒಂದೇ ವಿಷಯ ಎರಡು ಕಡೆ ಇದ್ದರೆ ಏನಾಗುತ್ತೆ, ಅವೆರಡೂ ಒಂದಕ್ಕೊಂದು ಹೊಂದದೆ ಹೋದರೆ ಏನು ಅನ್ನೋದರ ಬಗ್ಗೆ. ರಿಡಂಡೆನ್ಸಿ, ಇನ್‌ಕನ್ಸಿಸ್ಟೆನ್ಸಿ ಅಂತ ಇಂಟರ್ನಲ್ಸಿಗೆ ಉರು ಹೊಡೆದು ನಾನು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಉದಾಹರಣೆಗೆ ಯಾವಾಗಲೂ ಒಂದೇ: ಡಿಪಾರ್ಟ್‌ಮೆಂಟಿನ ಹೆಸರು ಎರಡು ಸಾಲಿನಲ್ಲಿ ಬೇರೆ ಬೇರೆ ಇದ್ದರೆ ಗೊಂದಲ ಅಂತ. ಒಂದು ಸಾಲು 'ಇಲ್ಲ' ಅಂದು ಇನ್ನೊಂದು ಸಾಲು 'ಇದೆ' ಅಂದರೆ ಒಬ್ಬರ ಮನೆಯ ಹಜಾರದಲ್ಲಿ ಏನಾಗುತ್ತೆ ಅನ್ನೋದು ನೋಟ್ಸಿನಲ್ಲಿ ಇರಲಿಲ್ಲ.

ಮೊದಲು ಕಾಪಿ ವಿಳಾಸ ಅಳಿಸಿ ಹೋಮ್ ಪೇಜಿನಿಂದ ಆ ಚಿತ್ರ ತೆಗೆದೆ. ಸರ್ವರಿನಲ್ಲಿದ್ದ ಥಂಬ್‌ನೇಲು, ಮಧ್ಯಮ ಗಾತ್ರದ್ದು ಎರಡನ್ನೂ ಅಳಿಸಿದೆ. ಮೂಲ ಫೈಲನ್ನ ಹೊರಗಿನವರಿಗೆ ಕಾಣದ ಜಾಗಕ್ಕೆ ಹಾಕಿದೆ. ಮಾರನೇ ದಿನ ಮೇಡಂ ಹತ್ತಿರ ಹೋಗಿ ನಡೆದಿದ್ದೆಲ್ಲ ಹೇಳಿದೆ. ಅವರು ನನ್ನ ಫೋಟೋ ಟೇಬಲ್ ತೆಗೆಸಿ ನೋಡಿದರು. ಅದರಲ್ಲಿ ಕ್ಯಾಮೆರಾ ಮಾಡೆಲ್ ಇತ್ತು, ಅಪರ್ಚರ್ ಇತ್ತು, ಐಎಸ್‌ಒ ಇತ್ತು, ಫ್ಲಾಶ್ ಹೊಡೀತೋ ಇಲ್ಲವೋ ಅನ್ನೋದೂ ಇತ್ತು. ಎಲ್ಲ ಎಕ್ಸಿಫ್‌ನಿಂದ ತಾನಾಗೇ ಬಂದಿದ್ದು.

"ಫ್ಲಾಶ್ ಹೊಡೀತಾ ಅಂತ ಕೇಳಿದ್ದೀಯ. ಫೋಟೋದಲ್ಲಿ ಇರೋರನ್ನ ಏನಾದ್ರೂ ಕೇಳಿದ್ದೀಯಾ?" ಅಂದರು.

ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೂ ಇರಲಿಲ್ಲ. ಕಾಲಂ ಇಲ್ಲದ್ದು ನಮ್ಮ ಮಟ್ಟಿಗೆ ಇಲ್ಲವೇ ಇಲ್ಲ. ಟೇಬಲ್ ಮಾಡುವಾಗ ನಾವು ಯಾವುದು ಮುಖ್ಯ ಅಂತ ಮಾತ್ರ ಬರೆಯಲ್ಲ, ಯಾವುದನ್ನ ಯಾವತ್ತೂ ಕೇಳಲ್ಲ ಅನ್ನೋದನ್ನೂ ಅಲ್ಲೇ ತೀರ್ಮಾನ ಮಾಡಿರ್ತೀವಿ.

ಒಪ್ಪಿಗೆ ಅನ್ನೋ ಕಾಲಂ ಹಾಕೋಣ ಅಂತ ಹೊರಟೆ. ಎಲ್ಲಿ ಹಾಕೋದು? ಫೋಟೋ ಟೇಬಲ್ಲಿನಲ್ಲಿ ಹಾಕಿದರೆ ನಲವತ್ಮೂರು ಜನರಲ್ಲಿ ಯಾರ ಒಪ್ಪಿಗೆ ಅದು? ವ್ಯಕ್ತಿ ಟೇಬಲ್ಲಿನಲ್ಲಿ ಹಾಕಿದರೆ, ಅಕ್ಕನಿಗೆ ಮಿಕ್ಕ ಫೋಟೋಗಳ ಬಗ್ಗೆ ಏನೂ ತಕರಾರಿಲ್ಲ, ಈ ಒಂದು ಮಾತ್ರ ಬೇಡ. ಮತ್ತೆ ಅದೇ ಮುಯ್ಯಿ ಪುಸ್ತಕ. ಒಪ್ಪಿಗೆ ಇರೋದು ಈ ವ್ಯಕ್ತಿ, ಈ ಫೋಟೋ ಸೇರೋ ಸಾಲಿನಲ್ಲಿ. ಫೋಟೋ_ವ್ಯಕ್ತಿ ಟೇಬಲ್ಲಿಗೆ ಆ ಕಾಲಂ ಸೇರಿಸಿದೆ. 'ಹೌದು', 'ಇಲ್ಲ', ಇನ್ನೂ ಕೇಳಿಲ್ಲ ಅಂದರೆ ನಲ್. ಆಮೇಲೆ ಕ್ವೆರಿ ಬರೆದೆ: ಒಪ್ಪಿಗೆ 'ಇಲ್ಲ' ಅಲ್ಲದ ಫೋಟೋಗಳನ್ನೆಲ್ಲ ತೋರಿಸು.

ಗ್ಯಾಲರಿ ಖಾಲಿ. ಒಂದು ಫೋಟೋನೂ ಇಲ್ಲ.

ಎಲ್ಲ ಹಾಳು ಮಾಡಿಬಿಟ್ಟೆ ಅಂತ ಗಾಬರಿಯಾಯಿತು. ಆಮೇಲೆ ನೆನಪಾಯಿತು. ಎಸ್‌ಕ್ಯುಎಲ್‌ನಲ್ಲಿ ನಲ್ ಅಂದರೆ ಗೊತ್ತಿಲ್ಲ ಅಂತ. ಗೊತ್ತಿಲ್ಲದ್ದನ್ನ ತಂದು 'ಇದು ಇಲ್ಲ ಅಲ್ಲ ತಾನೇ?' ಅಂತ ಕೇಳಿದರೆ ಅದು ಹೌದು ಅನ್ನಲ್ಲ, ಅದಕ್ಕೂ ಗೊತ್ತಿಲ್ಲ ಅನ್ನುತ್ತೆ. ಹೌದು ಅನ್ನೋ ಸಾಲುಗಳು ಮಾತ್ರ ಹೊರಗೆ ಬರುತ್ತವೆ. ನಾನು ಇನ್ನೂ ಒಬ್ಬರನ್ನೂ ಕೇಳಿರಲಿಲ್ಲ, ಹಾಗಾಗಿ ಎಲ್ಲ ಸಾಲೂ ನಲ್. ಮೇಡಂಗೆ ತೋರಿಸಿದರೆ ಅವರು ನಗಲಿಲ್ಲ. "ಕ್ವೆರಿ ಸರಿಯಾಗೇ ಹೇಳಿದೆ" ಅಂದರು.

ಕೊನೆಗೆ ನಾವು ಸಂಘದವರು ಕ್ಯಾಂಟೀನಿನಲ್ಲಿ ಕೂತು ನಿಯಮ ಮಾಡಿಕೊಂಡೆವು. ಫೋಟೋದಲ್ಲಿ ಗುರುತಿಸಿರೋ ಎಲ್ಲರೂ ಹೌದು ಅಂದಿದ್ದರೆ ಮಾತ್ರ ಅದು ಎಲ್ಲರಿಗೂ ಕಾಣುತ್ತೆ. ಯಾರನ್ನಾದರೂ ಇನ್ನೂ ಕೇಳಿಲ್ಲದಿದ್ದರೆ ಕಾಲೇಜಿನ ಲಾಗಿನ್ ಇರೋರಿಗೆ ಮಾತ್ರ. ಒಬ್ಬರು ಇಲ್ಲ ಅಂದರೂ ಯಾರಿಗೂ ಇಲ್ಲ. ನಲವತ್ಮೂರರಲ್ಲಿ ಒಬ್ಬರಿಗೋಸ್ಕರ ಇಡೀ ಗ್ರೂಪ್ ಫೋಟೋ ತೆಗೆಯೋದಾ ಅಂತ ಒಬ್ಬ ಜಗಳ ಮಾಡಿದ. ಅವನ ಮಾತಿನಲ್ಲೂ ನ್ಯಾಯ ಇತ್ತು. ಆದರೆ ಆ ಒಬ್ಬರು ಯಾವ ಹಜಾರದಲ್ಲಿ ಕೂತಿದ್ದಾರೋ ನಮಗೆ ಗೊತ್ತಿರಲ್ಲ ಅಂತ ಹೇಳಿದೆ. ಒಪ್ಪಿಕೊಂಡ. ಅಂದ ಹಾಗೆ ಕೊಟ್ಟ ಒಪ್ಪಿಗೆಯನ್ನ ವಾಪಸ್ ತಗೊಳ್ಳೋದು, ಅಳಿಸಿ ಅಂತ ಕೇಳೋದು, ಎರಡೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಇವೆ. ನಮಗೆ ಅದು ಕಾಯ್ದೆಯಿಂದ ಗೊತ್ತಾಗಲಿಲ್ಲ ಅಷ್ಟೇ.

ಟೇಬಲ್‌ಗಳನ್ನೂ ಸರಿ ಮಾಡಿದೆ. ಆಲ್ಬಮ್ಮಿನಲ್ಲಿ ಈಗ ಮುಖಪುಟದ ವಿಳಾಸ ಇಲ್ಲ, ಫೋಟೋದ ಐಡಿ ಮಾತ್ರ ಇದೆ. ಅದಕ್ಕೆ ಆನ್ ಡಿಲೀಟ್ ಸೆಟ್ ನಲ್: ಫೋಟೋ ಹೋದರೆ ಮುಖಪುಟ ಖಾಲಿ ಆಗುತ್ತೆ, ಆಲ್ಬಮ್ ಉಳಿಯುತ್ತೆ. ಫೋಟೋ_ವ್ಯಕ್ತಿ, ಫೋಟೋ_ಟ್ಯಾಗ್, ಆಲ್ಬಮ್_ಫೋಟೋ ಮೂರಕ್ಕೂ ಆನ್ ಡಿಲೀಟ್ ಕ್ಯಾಸ್ಕೇಡ್: ಫೋಟೋ ಹೋದರೆ ಅದರ ಜೊತೆಗಿನ ಸಾಲುಗಳೂ ಹೋಗುತ್ತವೆ. ಒಂದು ಫೋಟೋದ ಮೂರು ಗಾತ್ರದ ಫೈಲುಗಳು ಎಲ್ಲೆಲ್ಲಿವೆ ಅಂತ ಬರೆಯೋಕೆ ಬೇರೆ ಟೇಬಲ್ ಇದೆ. ಅಳಿಸೋ ಪ್ರೋಗ್ರಾಮು ಮೊದಲು ಅದನ್ನ ಓದಿ ಫೈಲುಗಳನ್ನ ಅಳಿಸಿ, ಆಮೇಲೆ ಸಾಲು ಅಳಿಸುತ್ತೆ. ಅಳಿಸಿದ ಐಡಿಗಳನ್ನ ಮಾತ್ರ, ಬೇರೇನೂ ಇಲ್ಲದೆ, ಡೇಟಾಬೇಸಿನ ಹೊರಗೆ ಒಂದು ಪಟ್ಟಿಯಲ್ಲಿ ಇಡ್ತೀವಿ. ಯಾಕಂದ್ರೆ ಮುಂದೆ ಯಾವತ್ತೋ ಹಳೇ ಬ್ಯಾಕಪ್ ಹಾಕಿದರೆ ಅಳಿಸಿದ್ದೆಲ್ಲ ಎದ್ದು ಬರುತ್ತೆ. ಬ್ಯಾಕಪ್ ಹಾಕಿದ ತಕ್ಷಣ ಆ ಪಟ್ಟಿ ನೋಡಿ ಮತ್ತೆ ಅಳಿಸಬೇಕು ಅಂತ ನಿಯಮ.

ಮೂರು ರಾತ್ರಿ ಆಯಿತು. ಕೊನೆಗೆ ಅಕ್ಕನಿಗೆ ಮೆಸೇಜ್ ಮಾಡಿದೆ: "ಅಕ್ಕ, ಈ ಸಲ ಆಯ್ತು ಅಂತ ನಾನು ಹೇಳಲ್ಲ. ಹೋಮ್ ಪೇಜ್, ಆಲ್ಬಮ್, ಹುಡುಕೋ ಪುಟ, ಹಳೇ ಲಿಂಕ್, ನಾಲ್ಕೂ ನೀವೇ ನೋಡಿ. ಇಲ್ಲ ಅಂತ ನೀವು ಹೇಳಿದ್ಮೇಲೆ ಮೂಲ ಫೈಲನ್ನೂ ಅಳಿಸ್ತೀನಿ. ಬೇಕಾದ್ರೆ ಅಪ್ಪನ ಹತ್ರ ನಾನೇ ಮಾತಾಡ್ತೀನಿ. ತಪ್ಪು ನಂದು."

ಅರ್ಧ ಗಂಟೆ ಬಿಟ್ಟು ಉತ್ತರ ಬಂತು. "ನಾಲ್ಕರಲ್ಲೂ ಇಲ್ಲ. ಅಪ್ಪಂಗೂ ತೋರಿಸಿದೆ." ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು. "ಮೂಲ ಅಳಿಸೋಕೆ ಮುಂಚೆ ನನಗೊಂದು ಕಾಪಿ ಕಳ್ಸೋ. ಫೋಟೋ ಚೆನ್ನಾಗಿ ಬಂದಿತ್ತು."

ಕಳಿಸಿದೆ. ಆಮೇಲೆ ಅಳಿಸಿದೆ. ಆ ಸಂಬಂಧ ಏನಾಯಿತು ಅಂತ ನಾನು ಕೇಳಿಲ್ಲ.

ಈ ವರ್ಷ ನಾನು ಫೈನಲ್ ಇಯರ್. ಗ್ಯಾಲರಿಯನ್ನ ಮೂರನೇ ಸೆಮ್ಮಿನ ಇಬ್ಬರಿಗೆ ಒಪ್ಪಿಸಿದ್ದೀನಿ. ಟೇಬಲ್‌ಗಳ ಚಿತ್ರ ಬರೆದು ಕೊಟ್ಟಾಗ ಅವರು ಕೇಳಿದ ಮೊದಲ ಪ್ರಶ್ನೆ, "ಅಣ್ಣ, ಹೋಮ್ ಪೇಜ್ ಸ್ವಲ್ಪ ಸ್ಲೋ ಇದೆ, ಮುಖಪುಟದ ಲಿಂಕನ್ನ ಆಲ್ಬಮ್ ಟೇಬಲ್ಲಲ್ಲೇ ಇಟ್ರೆ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೀನಿ.

ನೀವು ಮಿನಿ ಪ್ರಾಜೆಕ್ಟಿಗೆ ಟೇಬಲ್ ಮಾಡುವಾಗ, ಸೇರಿಸೋ ಪುಟಕ್ಕಿಂತ ಮುಂಚೆ ಅಳಿಸೋ ಪುಟ ಬರೆದು ನೋಡಿ. ಒಂದು ಸಾಲನ್ನ ಪೂರ್ತಿ ಅಳಿಸೋಕೆ ಎಷ್ಟು ಕಡೆ ಕೈ ಹಾಕಬೇಕಾಯಿತು ಅಂತ ಎಣಿಸಿ. ಡಿಸೈನಿನಲ್ಲಿ ಎಲ್ಲಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು ಮಾತು. ನಮ್ಮ ಗ್ಯಾಲರಿಯಲ್ಲಿ ಪ್ರತಿ ಫೋಟೋದ ಕೆಳಗೆ 'ಇದನ್ನು ತೆಗೆಯಿರಿ' ಅಂತ ಒಂದು ಬಟನ್ ಇದೆ. ಅದನ್ನ ಒತ್ತಿದರೆ ಒಂದು ಫಾರ್ಮ್ ಬರುತ್ತೆ. ಅದರಲ್ಲಿ ಕಾರಣ ಬರೆಯೋಕೆ ಜಾಗ ಇಲ್ಲ. ಅದು ಮರೆತು ಬಿಟ್ಟಿದ್ದಲ್ಲ.